ಬಳ್ಳಿಗಾವೆಯ ತಾರೆ ಮತ್ತು ಹಿಮಾಲಯದ ಮಂಡಲ

ಕ್ರಿ. ಶ. 1065ರಲ್ಲಿ, ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ದಂಡನಾಯಕ ರೂಪಭಟ್ಟಯ್ಯನು ಬಳ್ಳಿಗಾವೆಯಲ್ಲಿ ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿ ಅದಕ್ಕೆ ಭೂಮಿಯನ್ನು ಬಿಟ್ಟನು. ಆ ದತ್ತಿಯ ಫಲವನ್ನು ಉಣ್ಣತಕ್ಕ ದೇವತೆಗಳ ಹೆಸರುಗಳು ಶಾಸನದಲ್ಲಿ ಬಂದಿವೆ: ತಾರಾ ಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ. ಉಣ್ಣತಕ್ಕ ಮನುಷ್ಯರ ಹೆಸರುಗಳೂ ಬಂದಿವೆ: ಯೋಗಿನಿಯರು, ಕುಶಲಿಗಳು, ಸಂನ್ಯಾಸಿಗಳು. ಅದೇ ಊರಿನ ಇನ್ನೊಂದು ಶಾಸನವು ತಾರಾ ಭಗವತಿಯ ಪ್ರತಿಮೆಯನ್ನು ಮಾಡಿಸಿದ ನಾಗಿಯಕ್ಕನನ್ನು ನೆನೆಯುತ್ತದೆ. ಲೂಯಿ ರೈಸರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ಈ ಶಾಸನಗಳು ದೊರೆಯುತ್ತವೆ. ಶತಮಾನಕ್ಕೂ ಮಿಕ್ಕು ಇವು ವಿದ್ವಾಂಸರ ಕಣ್ಣೆದುರಿಗೆ ಇವೆ. ಆದರೂ ಹಿಮಾಲಯದ ಪೂಜಾಲೋಹಗಳನ್ನೂ ಮಂಡಲಗಳನ್ನೂ ಕುರಿತು ಬರೆಯುವವರು ಬಳ್ಳಿಗಾವೆಯ ಕಡೆಗೆ ತಿರುಗಿ ನೋಡುವುದು ಅಪರೂಪ. ಬಳ್ಳಿಗಾವೆಯನ್ನು ಕುರಿತು ಬರೆಯುವವರು ಹಿಮಾಲಯದ ಕಡೆಗೆ ನೋಡುವುದು ಇನ್ನೂ ಅಪರೂಪ.

ಈ ಉದಾಸೀನದಿಂದ ಎರಡು ಪಕ್ಷಗಳಿಗೂ ನಷ್ಟವಾಗಿದೆ. ಹಿಮಾಲಯದಲ್ಲಿ ಪೂಜೆಯ ಉಪಕರಣಗಳು ಉಳಿದುವು. ಅವನ್ನು ಸಾಕಿದ ದಾನ, ಭೂಮಿ, ಅನ್ನಗಳ ವಿವರವು ಸಾಮಾನ್ಯ ಓದುಗನ ಕಣ್ಣಿಗೆ ಬೀಳುವುದಿಲ್ಲ. ಬಳ್ಳಿಗಾವೆಯಲ್ಲಿ ಭೂಮಿಯ ಲೆಕ್ಕ ಕಲ್ಲಿನ ಮೇಲೆ ಉಳಿಯಿತು; ಆ ಯೋಗಿನಿಯರ ಕೈಯಲ್ಲಿದ್ದ ಘಂಟೆ, ಕಲಶ, ದೀಪಗಳಲ್ಲಿ ಒಂದೂ ಉಳಿಯಲಿಲ್ಲ. ಕಲ್ಲನ್ನು ಒಡೆಯಬಹುದು, ಮೆಟ್ಟಿಲಿಗೆ ಹಾಸಬಹುದು; ಆದರೆ ಕರಗಿಸಲಾಗುವುದಿಲ್ಲ. ಲೋಹಕ್ಕೆ ಆ ರಕ್ಷೆಯಿಲ್ಲ. ಇಂದಿನ ಪಾತ್ರೆಯ ಕಂಚು ನಿನ್ನೆಯ ದೇವರಾಗಿದ್ದಿರಬಹುದು.

ಕಾಲವನ್ನು ಮೊದಲು ಗಮನಿಸಬೇಕು. ವಿಕ್ರಮಶೀಲ ಮಹಾವಿಹಾರದ ಆಚಾರ್ಯ ದೀಪಂಕರ ಶ್ರೀಜ್ಞಾನ, ಎಂದರೆ ಅತೀಶ, 1042ರಲ್ಲಿ ಪಶ್ಚಿಮ ಟಿಬೆಟ್ಟನ್ನು ಮುಟ್ಟಿದನು. 1054ರಲ್ಲಿ ಲ್ಹಾಸದ ಸಮೀಪದ ನ್ಯೆಥಾಂಗಿನಲ್ಲಿ ತೀರಿಕೊಂಡನು. ಆತನ ಇಷ್ಟದೇವತೆ ತಾರೆ. ನ್ಯೆಥಾಂಗಿನಲ್ಲಿ ಆತನ ನೆನಪಿಗೆ ನಿಂತ ಗುಡಿಯೂ ತಾರೆಯದೇ. ಆತನು ಟಿಬೆಟ್ಟಿಗೆ ಬಂದ 1042ರಲ್ಲಿಯೇ ಸ್ಪಿತಿಯ ತಾಬೊ ವಿಹಾರದ ಜೀರ್ಣೋದ್ಧಾರವಾಯಿತು. ಕಲ್ಯಾಣದ ಸಿಂಹಾಸನದ ಮೇಲೆ ಆಹವಮಲ್ಲನು ಕುಳಿತುದೂ ಆ ಹೊತ್ತಿನಲ್ಲಿಯೇ. ಅತೀಶನು ತೀರಿಕೊಂಡ ಹನ್ನೊಂದು ವರ್ಷಗಳಿಗೆ ಬಳ್ಳಿಗಾವೆಯ ವಿಹಾರ ಎದ್ದಿತು. ಮೂವತ್ತು ವರ್ಷಗಳ ತರುವಾಯ, 1095ರಲ್ಲಿ, ಡಂಬಳದ ಶಾಸನವು ತಾರಾಸ್ತುತಿಯಿಂದ ಮೊದಲಾಗಿ, ಹದಿನಾರು ಮಂದಿ ಸೆಟ್ಟಿಗಳು ಅಲ್ಲಿ ಕಟ್ಟಿಸಿದ ವಿಹಾರವನ್ನೂ ಲೊಕ್ಕಿಗುಂಡಿಯ ಆರ್ಯತಾರೆಯ ವಿಹಾರವನ್ನೂ ಹೇಳುತ್ತದೆ. ಬೌದ್ಧಧರ್ಮವು ಕರ್ನಾಟಕದಲ್ಲಿ ಆ ವೇಳೆಗೆ ಉಸಿರು ಹಿಡಿದುಕೊಂಡಿದ್ದ ಮುದುಕನಂತಿತ್ತು ಎಂಬ ಚಿತ್ರವನ್ನು ಈ ಶಾಸನಗಳು ಒಪ್ಪಲಾರವು. ತಾರೆಯ ಆರಾಧನೆ ಒಂದೇ ಶತಮಾನದಲ್ಲಿ ಉತ್ತರದ ಹಿಮವನ್ನು ದಾಟಿತು, ತೆಂಕಣದ ಮಲೆನಾಡ ಅಂಚಿನಲ್ಲಿಯೂ ನೆಲೆಗೊಂಡಿತು. ಇವೆರಡೂ ಒಂದೇ ಬೌದ್ಧ ಆರಾಧನೆಯ ಎರಡು ಕವಲುಗಳು. ಬಳ್ಳಿಗಾವೆಯು ಟಿಬೆಟ್ಟಿನಿಂದ ಏನನ್ನೋ ಪಡೆಯಿತೆಂದಾಗಲಿ, ಕೊಟ್ಟಿತೆಂದಾಗಲಿ ಹೇಳಬೇಕಾದ ಅಗತ್ಯವಿಲ್ಲ. ಹಾಗೆ ಹೇಳುವ ಉತ್ಸಾಹ ಕೆಲವರಲ್ಲಿ ಕಂಡುಬರುತ್ತದೆ; ಅದನ್ನು ಸ್ವದೇಶಾಭಿಮಾನವೆಂದು ಕ್ಷಮಿಸಬಹುದು, ಪ್ರಮಾಣವೆಂದು ಎಣಿಸಲಾಗದು.

ಲೋಹದ ವಿಷಯದಲ್ಲಿ ಕನ್ನಡನಾಡಿನ ಬಲವಾದ ಸಾಕ್ಷಿ ಬಳ್ಳಿಗಾವೆಯಲ್ಲಿಲ್ಲ, ಮಂಗಳೂರಿನ ಕದ್ರಿಯಲ್ಲಿದೆ. ಆಳುಪ ಅರಸ ಕುಂದವರ್ಮನು 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮೊಗಗಳು, ಆರು ತೋಳುಗಳು. ಪೀಠದ ಶಾಸನದಲ್ಲಿ ಅರಸನು ತನ್ನನ್ನು ಶಿವಭಕ್ತನೆಂದೇ ಹೇಳಿಕೊಂಡಿದ್ದಾನೆ. ಆ ಮೂರ್ತಿ ಇರುವುದು ಇಂದು ಮಂಜುನಾಥನ ಸನ್ನಿಧಿಯಲ್ಲಿ. ಪಕ್ಕದಲ್ಲಿಯೇ ನಾಥಪಂಥದ ಜೋಗಿಮಠ. ನೇಪಾಳದ ಪಾಟನ್ನಿನಲ್ಲಿಯೂ ಲೋಕೇಶ್ವರನನ್ನೇ ಮತ್ಸ್ಯೇಂದ್ರನಾಥನೆಂದು ರಥದಲ್ಲಿ ಎಳೆಯುತ್ತಾರೆ ಎಂಬುದನ್ನು ನೆನೆದರೆ, ಕದ್ರಿಯ ಸಂಗತಿ ಆಕಸ್ಮಿಕವೆಂದು ತೋರುವುದಿಲ್ಲ. ಲೋಕೇಶ್ವರನೂ ನಾಥಸಿದ್ಧರೂ ಒಂದೇ ಅಂಗಳದಲ್ಲಿ ಸೇರುವ ದಾರಿ ಪಶ್ಚಿಮ ಸಮುದ್ರದ ದಡದಲ್ಲಿಯೂ ಹಿಮಾಲಯದ ಕಣಿವೆಯಲ್ಲಿಯೂ ಇತ್ತು. ಬಳ್ಳಿಗಾವೆಯ ವಿಹಾರದಲ್ಲಿ ಕೇಶವನಿಗೆ ಪಾಲು ದೊರೆತುದನ್ನೂ ಈ ಬೆಳಕಿನಲ್ಲಿಯೇ ನೋಡಬೇಕು.

ಎರಕದ ವಿದ್ಯೆಯೂ ಕನ್ನಡನಾಡಿಗೆ ಹೊರಗಿನದಾಗಿರಲಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನು 1129ರಿಂದ 1131ರೊಳಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಅಚ್ಚಿನ ವಿಧಾನ ವಿವರವಾಗಿ ಬಂದಿದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಬೇಕು. ಅದರ ಮೇಲೆ ನಯವಾದ ಮಣ್ಣನ್ನು ಪದರ ಪದರವಾಗಿ ಬಳಿದು ನೆಳಲಲ್ಲಿ ಒಣಗಿಸಬೇಕು. ಕಾಯಿಸಿ ಮೇಣವನ್ನು ಹರಿಯಬಿಟ್ಟು ಆ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯಬೇಕು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಎಂದು ಲೋಹವನ್ನು ಅಳೆದುಕೊಳ್ಳುವ ಲೆಕ್ಕವೂ ಅಲ್ಲಿದೆ. ಅರಸನಾದವನು ಕುಲುಮೆಯ ಮುಂದೆ ಕುಳಿತು ನೋಡದೆ ಇಂಥ ಮಾತನ್ನು ಬರೆಯಲಾರನು. ಪಾಟನ್ನಿನ ನೇವಾರ ಕಮ್ಮಟಗಾರರ ವಿಧಾನವೂ ಮೂಲತಃ ಇದೇ. ಅವರ ಹೆಚ್ಚುಗಾರಿಕೆ ಇರುವುದು ಪಾದರಸದಲ್ಲಿ ಬೆರೆಸಿದ ಚಿನ್ನವನ್ನು ತಾಮ್ರದ ಮೇಲೆ ಸವರಿ, ಪಾದರಸವನ್ನು ಬೆಂಕಿಯಲ್ಲಿ ಹಾರಿಸಿ, ಹೊನ್ನನ್ನು ಉಳಿಸುವ ಕೌಶಲದಲ್ಲಿ. 1260ರ ಸುಮಾರಿಗೆ ಅರನಿಕೋ ಎಂಬ ಹದಿಹರೆಯದ ನೇವಾರ ಶಿಲ್ಪಿ ಎಂಬತ್ತು ಮಂದಿಯ ತಂಡದೊಡನೆ ಟಿಬೆಟ್ಟಿಗೂ ಮುಂದೆ ಕುಬ್ಲಾಖಾನನ ಆಸ್ಥಾನಕ್ಕೂ ಹೋದನೆಂಬುದು ಈ ಕೌಶಲಕ್ಕೆ ಅಂದು ದೊರೆತ ಮನ್ನಣೆಯನ್ನು ತೋರಿಸುತ್ತದೆ. ಪಾದರಸದ ಹೊಗೆ ಎಷ್ಟು ಮಂದಿ ಕಮ್ಮಟಗಾರರ ಆಯುಸ್ಸನ್ನು ತಿಂದಿತೆಂಬ ಮಾತು ಮಾತ್ರ ಕಲಾಗ್ರಂಥಗಳಲ್ಲಿ ಬರುವುದಿಲ್ಲ.

ಇನ್ನು ಮುಖ್ಯವಾದ ವಿಚಾರ. ಹಿಮಾಲಯದ ಪೂಜಾಲೋಹವೂ ಮಂಡಲವೂ ಕಲಾಗ್ರಂಥಗಳಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಕಾಣಿಸಿಕೊಳ್ಳುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಬೇರೆ ಬೇರೆ ಗಾಜಿನ ಪೆಟ್ಟಿಗೆಗಳಲ್ಲಿ ಕುಳಿತುಕೊಳ್ಳುತ್ತವೆ. ಈ ವಿಂಗಡಣೆಯೇ ತಪ್ಪು. ಆಚಾರ್ಯನು ಬಲಗೈಯಲ್ಲಿ ವಜ್ರವನ್ನೂ ಎಡಗೈಯಲ್ಲಿ ಘಂಟೆಯನ್ನೂ ಹಿಡಿಯುತ್ತಾನೆ. ಒಂದು ಉಪಾಯ, ಇನ್ನೊಂದು ಪ್ರಜ್ಞೆ. ಆ ಘಂಟೆಯನ್ನು ಕೈಗೆ ತೆಗೆದುಕೊಂಡು ನೋಡಿದರೆ ಹಿಡಿಯಲ್ಲಿ ಪ್ರಜ್ಞಾಪಾರಮಿತೆಯ ಮೊಗ, ಹೆಗಲಿನ ಮೇಲೆ ಎಂಟು ಎಸಳಿನ ತಾವರೆ, ಎಸಳಿಗೊಂದು ಬೀಜಾಕ್ಷರ, ಕೆಳಗೆ ವಜ್ರಗಳ ಸಾಲು ಬಳಸಿ ಬರುತ್ತವೆ. ಕೇಂದ್ರ, ಎಂಟು ದಿಕ್ಕು, ವಜ್ರದ ಆವರಣ ಎಂಬ ಈ ಕ್ರಮ ಮಂಡಲದ್ದೇ. ಎಂದರೆ ಘಂಟೆಯು ಕಂಚಿನಲ್ಲಿ ಎರಕ ಹೊಯ್ದ ಮಂಡಲ. ಮೂರು ಅಲಗಿನ ಕೀಲದ ಮೂಲವೂ ಬೇರೆಯಲ್ಲ. ಮಂಡಲದ ನೆಲವನ್ನು ಶುದ್ಧಿ ಮಾಡಿ ಎಲ್ಲೆಯನ್ನು ಕಟ್ಟುವಾಗ ನೆಡುವ ಗೂಟ ಅದು. ಅದನ್ನು ಕಠಾರಿಯೆಂದು ಕರೆದು ಗೋಡೆಗೆ ತೂಗುಹಾಕುವವರು ಗೂಟವನ್ನು ಆಯುಧವೆಂದು ತಿಳಿದವರು.

ಗೂಟದಿಂದ ದಾರಕ್ಕೆ ಬರಬೇಕು. ಮಂಡಲದ ರಚನೆ ಬಣ್ಣದಿಂದ ಆರಂಭವಾಗುವುದಿಲ್ಲ, ಸೂತ್ರದಿಂದ ಆರಂಭವಾಗುತ್ತದೆ. ನಡುವೆ ಒಂದು ಬಿಂದು, ಅದರ ಮೂಲಕ ಪೂರ್ವ ಪಶ್ಚಿಮ, ದಕ್ಷಿಣ ಉತ್ತರಗಳಿಗೆ ಬ್ರಹ್ಮಸೂತ್ರಗಳು, ಬಳಿಕ ಮೂಲೆಗೆರೆಗಳು. ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಬಡಿದರೆ ಗೆರೆ ಮೂಡುತ್ತದೆ. ಈ ಗೆರೆಗಳ ಮೇಲೆ ನಾಲ್ಕು ಬಾಗಿಲಿನ ಚೌಕದ ಅರಮನೆ ಏಳುತ್ತದೆ. ಅದರ ಸುತ್ತ ತಾವರೆಯ, ವಜ್ರದ, ಬೆಂಕಿಯ ವಲಯಗಳು. ಅಪರಿಚಿತನಿಗೆ ಇದು ಅಲಂಕಾರದ ಚಿತ್ತಾರವೆಂದು ಕಾಣುತ್ತದೆ. ವಾಸ್ತವವಾಗಿ ಇದು ಕಟ್ಟಡದ ನಕ್ಷೆ. ತಳವಿನ್ಯಾಸದೊಡನೆ ಗೋಡೆ, ತೋರಣಗಳ ಎತ್ತರವನ್ನೂ ಹೊರಕ್ಕೆ ಮಲಗಿಸಿ ಒಂದೇ ಹಾಳೆಯ ಮೇಲೆ ತೋರಿಸಿದ ನಕ್ಷೆ. ಸೂತ್ರ ಹಿಡಿಯುವ, ಗೂಟ ನೆಡುವ, ದಾರ ಬಡಿಯುವ ಈ ಕೆಲಸವನ್ನು ಕನ್ನಡನಾಡಿನ ಶಿಲ್ಪಿಗೂ ಬಡಗಿಗೂ ಯಾರೂ ವಿವರಿಸಬೇಕಾಗಿಲ್ಲ. ತಾಬೊ ವಿಹಾರದ ಸಭಾಗೃಹದಲ್ಲಿ ಗೋಡೆಗಳ ಉದ್ದಕ್ಕೂ ಮಣ್ಣಿನ ಮೂರ್ತಿಗಳನ್ನು ನಿಲ್ಲಿಸಿ, ನಡುವೆ ನಾಲ್ಕು ದಿಕ್ಕಿಗೂ ಮೊಗವಿರುವ ವೈರೋಚನನನ್ನು ಇಟ್ಟು, ಕೋಣೆಯನ್ನೇ ವಜ್ರಧಾತು ಮಂಡಲವನ್ನಾಗಿ ಮಾಡಿದ್ದಾರೆ. ಅಲ್ಲಿ ಒಳಹೊಕ್ಕವನು ನಕ್ಷೆಯೊಳಗೇ ನಡೆಯುತ್ತಾನೆ.

ಈ ಅರ್ಥವನ್ನು ಮಸುಕುಗೊಳಿಸಿದ ಹೊಣೆ ಒಂದಿಷ್ಟು ಮಟ್ಟಿಗೆ ದೊಡ್ಡ ವಿದ್ವಾಂಸರ ಮೇಲೆಯೇ ಬೀಳುತ್ತದೆ. ಇಟಲಿಯ ಜ್ಯೂಸೆಪ್ಪೆ ತೂಚ್ಚಿ 1949ರಲ್ಲಿ ಪ್ರಕಟಿಸಿದ ಮಂಡಲದ ಸಿದ್ಧಾಂತ ಮತ್ತು ಪ್ರಯೋಗವನ್ನು ಕುರಿತ ಗ್ರಂಥ ಸಣ್ಣದಾದರೂ ಪ್ರಭಾವಶಾಲಿಯಾದುದು. ಟಿಬೆಟ್ಟನ್ನು ಕಾಲ್ನಡೆಯಲ್ಲಿ ಸುತ್ತಿ, ಮೂಲಗ್ರಂಥಗಳನ್ನು ಓದಿದ ಆ ಪಂಡಿತನ ಯೋಗ್ಯತೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮಂಡಲವನ್ನು ಮನಸ್ಸು ಮತ್ತು ಬ್ರಹ್ಮಾಂಡಗಳ ನಕ್ಷೆಯೆಂದು ಆತನು ಕರೆದುದು, ಯೂಂಗನ ಮನಶ್ಶಾಸ್ತ್ರದ ಗಾಳಿ ಬೀಸುತ್ತಿದ್ದ ಕಾಲದಲ್ಲಿ, ಅಲ್ಪರಿಗೆ ದೊಡ್ಡ ಅನುಕೂಲವಾಯಿತು. ನೆಲ, ದಾರ, ಗೂಟ, ಗುರು, ದೀಕ್ಷೆ, ದಕ್ಷಿಣೆ ಎಲ್ಲವನ್ನೂ ಬಿಟ್ಟು ಮಂಡಲವು ಒಳಮನಸ್ಸಿನ ಚಿತ್ರವಾಗಿ ಮಾತ್ರ ಉಳಿಯಿತು. ಆ ಮೇಲೆ ಗೋಡೆಯ ಅಲಂಕಾರವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಬಳ್ಳಿಗಾವೆಯ ಶಾಸನವನ್ನು ಓದಿದವನು ಈ ಜಾರುದಾರಿಯಲ್ಲಿ ಸುಲಭವಾಗಿ ಜಾರಲಾರನು. ಅಲ್ಲಿ ತಾರೆಯ ಹೆಸರಿನ ಮಗ್ಗುಲಲ್ಲಿಯೇ ಗದ್ದೆಯ ಮಾತಿದೆ, ಉಣ್ಣುವ ಬಾಯಿಗಳ ಮಾತಿದೆ. ಅದೇ ಊರಿನ ಕೋಡಿಯಮಠದ 1162ರ ಶಾಸನವೂ ಹಾಗೆಯೇ; ವ್ಯಾಕರಣ, ದರ್ಶನ, ಲಾಕುಳ ಸಿದ್ಧಾಂತ, ಯೋಗಶಾಸ್ತ್ರಗಳ ವ್ಯಾಖ್ಯಾನದ ಸ್ಥಾನವೆಂದು ಕಾಳಾಮುಖರ ಆ ಮಠವನ್ನು ಹೊಗಳಿದ ಶಾಸನ, ದೀನರಿಗೆ, ಕುರುಡರಿಗೆ, ಕಿವುಡರಿಗೆ, ನಾನಾ ಪಂಥದ ಭಿಕ್ಷುಕರಿಗೆ ಅನ್ನವಿಕ್ಕುವ, ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದೂ ಹೇಳುತ್ತದೆ. ಧ್ಯಾನಕ್ಕೆ ನೆಲ ಬೇಕು, ನೆಲಕ್ಕೆ ಒಕ್ಕಲು ಬೇಕು ಎಂಬುದನ್ನು ಮರೆತ ಕಲಾವಿಮರ್ಶೆ ಒಂದು ಕಾಲಿನ ಮೇಲೆ ನಿಂತಿದೆ.

ಎರಡನೆಯ ಅತಿರೇಕವು ದೇವಾಲಯಗಳಿಗೆ ಸಂಬಂಧಿಸಿದುದು. ಸ್ಟೆಲ್ಲಾ ಕ್ರಾಮ್ರಿಶ್ ಅವರು 1946ರಲ್ಲಿ ಹಿಂದೂ ದೇವಾಲಯವನ್ನು ಕುರಿತು ಪ್ರಕಟಿಸಿದ ಮಹಾಗ್ರಂಥದ ಅನಂತರ, ವಾಸ್ತುಪುರುಷ ಮಂಡಲದ ಚೌಕಗಳನ್ನು ಎಲ್ಲ ಗುಡಿಗಳ ತಳದಲ್ಲಿಯೂ ಕಾಣುವ ಅಭ್ಯಾಸ ಬೆಳೆಯಿತು. ಕರ್ಣಾಟ ದ್ರಾವಿಡ ಶೈಲಿಯನ್ನು ದಶಕಗಳ ಕಾಲ ಅಳೆದು ನೋಡಿದ ಆಡಂ ಹಾರ್ಡಿಯಂಥವರ ಕೆಲಸವು ಬೇರೆಯ ದಾರಿಯನ್ನು ತೋರಿಸಿದೆ: ಗುಡಿಯ ರೂಪವು ಸಣ್ಣ ಸಣ್ಣ ವಿಮಾನಗಳ ಕೂಡುವಿಕೆಯಿಂದ, ಒಂದರೊಳಗಿಂದ ಒಂದು ಹೊರಚಾಚುವ ಕ್ರಮದಿಂದ ಬೆಳೆಯುತ್ತದೆ; ನೆಲದ ಮೇಲೆ ಬರೆದ ಚೌಕದ ಮನೆಗಳಿಂದ ಅಲ್ಲ. ಬಳ್ಳಿಗಾವೆಯ ಕೇದಾರೇಶ್ವರ ಇದಕ್ಕೆ ಒಳ್ಳೆಯ ನಿದರ್ಶನ. ಅದು ತ್ರಿಕೂಟ. ಮೂರು ಗರ್ಭಗುಡಿಗಳು ಒಂದು ಮಂಟಪಕ್ಕೆ ತೆರೆದುಕೊಳ್ಳುತ್ತವೆ. ಮಂಡಲದಲ್ಲಿ ಪ್ರಧಾನ ದೇವತೆಗೆ ಒಂದೇ ನಡುಮನೆ, ನಾಲ್ಕು ಬಾಗಿಲು. ಇಲ್ಲಿ ಮೂರು ಗರ್ಭಗಳಿಗೆ ಪ್ರವೇಶ ಒಂದೇ ಮಗ್ಗುಲಿನಿಂದ. ತಳವಿನ್ಯಾಸದಲ್ಲಿ ಮಂಡಲವನ್ನು ಹುಡುಕುವವನು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಆದರೆ ತಲೆಯೆತ್ತಿ ನೋಡಿದರೆ ಚಿತ್ರ ಬೇರೆ. ಅದೇ ಗುಡಿಯ ನಡುಮಂಟಪದ ಭುವನೇಶ್ವರಿಯಲ್ಲಿ ತಾಂಡವೇಶ್ವರ ನಡುವೆ ನಿಂತಿದ್ದಾನೆ. ಸುತ್ತ ಅಷ್ಟದಿಕ್ಪಾಲರು ತಮ್ಮ ತಮ್ಮ ದಿಕ್ಕನ್ನು ಹಿಡಿದಿದ್ದಾರೆ. ಚೌಕ, ಕೇಂದ್ರ, ಎಂಟು ದಿಕ್ಕುಗಳ ಒಡೆಯರು: ಮಂಡಲದ ಅಂಗಗಳು ಇಲ್ಲಿ ನೆಲವನ್ನು ಬಿಟ್ಟು ಮುಗಿಲಿಗೆ ಏರಿವೆ. ವ್ಯತ್ಯಾಸವೂ ಸಣ್ಣದಲ್ಲ. ಟಿಬೆಟ್ಟಿನ ಮಂಡಲದಲ್ಲಿ ಸಾಧಕನು ಬಾಗಿಲಿನಿಂದ ಬಾಗಿಲಿಗೆ ಧ್ಯಾನದಲ್ಲಿ ಸಾಗಿ ಕೇಂದ್ರವನ್ನು ಸೇರಬೇಕು. ಇಲ್ಲಿ ಭುವನೇಶ್ವರಿಯ ಕೆಳಗೆ, ಅದೇ ಕೇಂದ್ರದ ನೇರಕ್ಕೆ, ಭಕ್ತನೋ ನರ್ತಕಿಯೋ ಮದ್ದಳೆಗಾರನೋ ಬಂದು ನಿಲ್ಲುತ್ತಾನೆ. ದೇವತೆಯ ಸ್ಥಾನದ ಕೆಳಗೆ ಮನುಷ್ಯನ ಮೈ. ಬಳ್ಳಿಗಾವೆಯ ಅಲ್ಲಮನು ದೇಗುಲದಲ್ಲಿ ಮದ್ದಳೆ ಬಾರಿಸುತ್ತಿದ್ದನೆಂದು ಹರಿಹರನು ರಗಳೆಯಲ್ಲಿ ಚಿತ್ರಿಸಿರುವುದನ್ನು ಇಲ್ಲಿ ನೆನೆಯದಿರಲಾಗುವುದಿಲ್ಲ. ತಾರಾವಿಹಾರದ ದತ್ತಿಗೂ ಅಲ್ಲಮನಿಗೂ ನಡುವೆ ಒಂದು ಶತಮಾನದಷ್ಟು ಅಂತರ. ಅವನ ಶೂನ್ಯವು ಬೌದ್ಧರ ಶೂನ್ಯತೆಯೇ ಎಂದು ವಾದಿಸುವುದು ಅವಸರದ ಮಾತು. ಆದರೆ ಆ ಪದವು ಬೌದ್ಧರಿಗೂ ಸಿದ್ಧರಿಗೂ ಮನೆಮಾತಾಗಿದ್ದ ಊರಿನಲ್ಲಿ ಅವನು ಬೆಳೆದನೆಂಬುದನ್ನು ಮರೆಮಾಡುವುದೂ ಸರಿಯಲ್ಲ. ‘ಹಠಯೋಗಪ್ರದೀಪಿಕೆ’ಯ ಸಿದ್ಧರ ಪಟ್ಟಿಯಲ್ಲಿ ಮತ್ಸ್ಯೇಂದ್ರ, ಗೋರಕ್ಷರೊಡನೆ ಅಲ್ಲಮ ಪ್ರಭುದೇವನ ಹೆಸರು ಬಂದಿರುವುದು ಈ ನೆರೆಹೊರೆಗೆ ಇನ್ನೊಂದು ಸಾಕ್ಷಿ.

ಶರಣರು ಮಾಡಿದ ಬದಲಾವಣೆ ಅಳತೆಯ ದೃಷ್ಟಿಯಿಂದಲೂ ವಿಚಾರಾರ್ಹವಾದುದು. ನೆಲದ ಮೇಲಿನ ಮಂಡಲವೂ ಕಲ್ಲಿನ ಗುಡಿಯೂ ಬೇಡವೆಂದಾಗ ಸೂತ್ರವು ಮಾಯವಾಗಲಿಲ್ಲ. ಬಾಣ, ಪೀಠ, ಗೋಮುಖಗಳನ್ನು ಒಂದೇ ಸೂತ್ರದ ಪ್ರಮಾಣಕ್ಕೆ ಕಟ್ಟುವ ಪಂಚಸೂತ್ರದ ಲಕ್ಷಣವು ಇಷ್ಟಲಿಂಗಕ್ಕೆ ಬಂದಿತು. ಅಂಗಳವನ್ನು ತುಂಬುತ್ತಿದ್ದ ಲೆಕ್ಕ ಅಂಗೈಯಲ್ಲಿ ಅಡಗಿತು. ಲಿಂಗವನ್ನು ಧರಿಸುವ ಬೆಳ್ಳಿಯ ಕರಡಿಗೆಯೂ ಪೂಜಾಲೋಹವೇ. ಅದರ ಹಳೆಯ ಮಾದರಿಗಳು ಮುರಿಬೆಳ್ಳಿಯ ತೂಕಕ್ಕೆ ಕಂಚುಗಾರ, ಅಕ್ಕಸಾಲಿಗಳ ಮೂಸೆಗೆ ಬೀಳುತ್ತಿರುವುದನ್ನು ಗಮನಿಸುವವರು ಕಡಮೆ.

ಸೊರಬದ ಕಡೆಯ ಸಾಕ್ಷಿ ಇನ್ನೊಂದು ಬಗೆಯದು. ಕುಬಟೂರಿನಲ್ಲಿ, ಶಾಸನಗಳ ಕುಪ್ಪಟೂರಿನಲ್ಲಿ, 1075ರಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿ ಪಾರ್ಶ್ವದೇವನ ಬಸದಿಯನ್ನು ಮಾಡಿಸಿದಳು. ಅಲ್ಲಿನ ಬ್ರಾಹ್ಮಣರು ಅದನ್ನು ಬ್ರಹ್ಮ ಜಿನಾಲಯವೆಂದು ಕರೆದರು. ಕೈಟಭೇಶ್ವರ ದೇವಾಲಯದ ವಿಶಾಲ ಮಂಟಪವೂ ಅದೇ ಊರಿನದು. ರೇಖಾಕೃತಿಗಳ ಆರಾಧನೆ ಹಿಮಾಲಯದ ಸೊತ್ತು ಎಂದು ತಿಳಿದವರು ಜೈನರ ಕಲ್ಪಗ್ರಂಥಗಳನ್ನು ತೆರೆದು ನೋಡಬೇಕು. ಇಂದ್ರನಂದಿಯು 939ರಲ್ಲಿ ಮಾನ್ಯಖೇಟದಲ್ಲಿ ಮುಗಿಸಿದ ‘ಜ್ವಾಲಿನೀಕಲ್ಪ’ದಲ್ಲಿ ಮಂಡಲಕ್ಕೆ ಒಂದು ಪರಿಚ್ಛೇದ, ಯಂತ್ರಕ್ಕೆ ಇನ್ನೊಂದು ಪರಿಚ್ಛೇದ ಮೀಸಲಾಗಿವೆ. ಮುಳುಗುಂದದ ಮಲ್ಲಿಷೇಣನ ‘ಭೈರವಪದ್ಮಾವತೀಕಲ್ಪ’ವೂ ಅದೇ ದಾರಿಯದು. ತಾಮ್ರದ, ಕಂಚಿನ ಸಿದ್ಧಚಕ್ರಗಳು ಬಸದಿಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ. ತಾಬೊದ ಗೋಡೆಗಳಿಗೆ ಬಣ್ಣ ಬೀಳುವ ಮೊದಲೇ ರಾಷ್ಟ್ರಕೂಟರ ರಾಜಧಾನಿಯಲ್ಲಿ ಮಂಡಲವನ್ನು ಬರೆಯುವ ವಿಧಿ ಗ್ರಂಥಸ್ಥವಾಗಿತ್ತೆಂದ ಮೇಲೆ, ‘ಪ್ರಭಾವ’ ಎಂಬ ಮಾತನ್ನು ಯಾವ ಕಡೆಯಿಂದ ಯಾವ ಕಡೆಗೆ ಎಳೆಯುವುದು? ಆ ಮಾತನ್ನೇ ಕೈಬಿಡುವುದು ಮೇಲು.

ಡಂಬಳವನ್ನು ಮತ್ತೆ ನೆನೆಯಬೇಕು. ತಾರಾಸ್ತುತಿಯ ಶಾಸನವಿರುವ ಆ ಊರಿನಲ್ಲಿಯೇ ದೊಡ್ಡಬಸಪ್ಪನ ಗುಡಿಯಿದೆ. ಅದರ ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಹದಿನೈದು ಹದಿನೈದು ಅಂಶ ತಿರುಗಿಸುತ್ತ ಆರು ಸಲ ಬರೆದರೆ ಈ ಆಕೃತಿ ದೊರೆಯುತ್ತದೆ. ಗೂಟ ಒಂದು, ದಾರ ಒಂದು ಇದ್ದರೆ ಸಾಕು. ಮಂಡಲದ ಚೌಕ ನಿಂತಿರುತ್ತದೆ, ಡಂಬಳದ ಚೌಕ ತಿರುಗುತ್ತದೆ. ಕರ್ಣಾಟಕದ ಶಿಲ್ಪಿಯ ಸ್ವಂತ ಪ್ರತಿಭೆಯನ್ನು ಕಾಣಬೇಕಾದುದು ಇಂಥಲ್ಲಿ. ಇದನ್ನೂ ‘ಮಂಡಲ’ವೆಂದು ಕರೆದು ಕೈತೊಳೆದುಕೊಂಡರೆ, ಆ ಶಿಲ್ಪಿ ಏನು ಮಾಡಿದನೆಂಬುದನ್ನು ನೋಡುವ ಕಷ್ಟ ತಪ್ಪುತ್ತದೆ, ಅಷ್ಟೇ ಲಾಭ.

ಪ್ರಾಚೀನ ವಸ್ತುಗಳ ಮಾರುಕಟ್ಟೆಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. 1959ರ ಅನಂತರ ನಿರಾಶ್ರಿತರ ಗಂಟುಗಳೊಡನೆ ಹಿಮಾಲಯವನ್ನು ದಾಟಿ ಬಂದ ಲೋಹಗಳಲ್ಲಿ ಬಹುಪಾಲು ಹಸಿವಿಗೆ ಮಾರಾಟವಾದುವು. ಅಲ್ಲಿಯೇ ಉಳಿದವುಗಳಲ್ಲಿ ಅಸಂಖ್ಯಾತ ಮೂರ್ತಿಗಳು 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಕುಲುಮೆಯ ಪಾಲಾದುವು. ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳ ಅಧಿನಿಯಮವು ನೂರು ವರ್ಷ ಮೀರಿದ ಮೂರ್ತಿ, ಲೋಹಗಳ ರಫ್ತಿಗೆ ತಡೆಯೊಡ್ಡಿತು. ಕೊಳ್ಳುವವರು ಬಯಸುವುದು ಸವೆತವನ್ನು. ಶತಮಾನಗಳ ಬೆರಳು, ತುಪ್ಪ, ಹೊಗೆ ಉಂಡ ಲೋಹದ ನುಣುಪನ್ನು. ಹೀಗಾಗಿ ಹೊಸ ಎರಕಕ್ಕೆ ಹೊಗೆಯನ್ನೂ ಹುಳಿಯನ್ನೂ ಉಣ್ಣಿಸಿ ಹಳತು ಮಾಡುವ ಕಸಬೂ ಹುಟ್ಟಿಕೊಂಡಿತು. ಪೂಜೆಯ ಗುರುತಿಗೆ ಬೆಲೆ, ಪೂಜೆಗೆ ಬೆಲೆಯಿಲ್ಲ!

ಈ ವಸ್ತುಗಳು ಇನ್ನೂ ಕೆಲಸ ಮಾಡುತ್ತಿರುವ ಸ್ಥಳವೊಂದು ಬಳ್ಳಿಗಾವೆಗೆ ದೂರವಿಲ್ಲ. ಸೊರಬದಿಂದ ಬನವಾಸಿಯನ್ನು ಹಾದು ಉತ್ತರಕ್ಕೆ ಹೋದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ನೆಲೆಗೊಂಡಿತು; ಮುಂದಿನ ವರ್ಷಗಳಲ್ಲಿ ಗಾದೆನ್ ಮತ್ತು ದ್ರೇಪುಂಗ್ ಮಹಾವಿಹಾರಗಳು ಅಲ್ಲಿ ಮರುಹುಟ್ಟು ಪಡೆದುವು. 1995ರಲ್ಲಿ ದಲಾಯಿ ಲಾಮಾ ಅವರು ಅಲ್ಲಿಯೇ ಕಾಲಚಕ್ರದ ಅಭಿಷೇಕವನ್ನು ನಡೆಸಿದರು. 722 ದೇವತೆಗಳ ನೆಲೆಯೆಂದು ಎಣಿಸುವ ಕಾಲಚಕ್ರ ಮಂಡಲವನ್ನು ಭಿಕ್ಷುಗಳು ಬಣ್ಣದ ಮರಳಿನಿಂದ ರಚಿಸುತ್ತಾರೆ. ಮೊದಲ ದಿನ ದಾರ ಬಡಿಯುತ್ತಾರೆ; ಮೊನೆಯಲ್ಲಿ ತೂತಿರುವ ಲೋಹದ ಕೊಳವೆಯನ್ನು ಇನ್ನೊಂದರಿಂದ ಉಜ್ಜಿ ಉಜ್ಜಿ ಮರಳನ್ನು ಕಾಳುಕಾಳಾಗಿ ಉದುರಿಸುತ್ತಾರೆ. ವಿಧಿ ಮುಗಿದ ಮೇಲೆ ಆಚಾರ್ಯನು ವಜ್ರದ ಮೊನೆಯಿಂದ ಮಂಡಲದ ಮುಖ್ಯ ಗೆರೆಗಳನ್ನು ಕತ್ತರಿಸುತ್ತಾನೆ. ಆ ಮೇಲೆ ಮರಳನ್ನು ಗುಡಿಸಿ ಕಲಶಕ್ಕೆ ತುಂಬಿ, ಮೆರವಣಿಗೆಯಲ್ಲಿ ಒಯ್ದು, ನೀರಿಗೆ ಬಿಡುತ್ತಾರೆ. ವಜ್ರವನ್ನು ಒರಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ.